ಪ್ರಶ್ನೆ ಮಗುವಿನದು

ಲಕ್ಷ್ಮೇಶ್ವರದ ಬಜಾರಿನಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ಬೀಜದ ಕಂಪನಿಯವರು ವರ್ಷಾ ವರ್ಷ ಕೊಡುವ ಗೋಡೆ ಕ್ಯಾಲೆಂಡರಿನ ಹಾಳೆ ದಪ್ಪಗಿರುತ್ತದೆ, ಹಿಂಬದಿ ಖಾಲಿ ಇರುತ್ತದೆ. ತಿಂಗಳು ಮುಗಿದ ಹಾಳೆಗಳನ್ನು ತೆಗೆದಿಟ್ಟುಕೊಂಡು, ಅವುಗಳ ಹಿಂಬದಿಗೆ ನನ್ನ ಇಬ್ಬರು ಮಕ್ಕಳಿಗಾಗಿ ಸತ್ಯವೇದದ, ಅಂದರೆ ಬೈಬಲಿನ, ಪಾಠ ಬರೆಯುತ್ತೇನೆ. ಹಾಳೆಯ ನೆತ್ತಿಯಲ್ಲಿ ಮಕ್ಕಳಲ್ಲೊಬ್ಬರು ಕೇಳಿದ ಪ್ರಶ್ನೆ, ಅವರು ಕೇಳಿದ ಮಾತಿನಲ್ಲೇ. ಅದರ ಕೆಳಗೆ ಓದಬೇಕಾದ ಅಧ್ಯಾಯ. ನಡುವೆ ಒಂದು ಚಿತ್ರ. ಅದನ್ನು ಮಕ್ಕಳ ತಾಯಿ ಬರೆಯುತ್ತಾಳೆ, ಪಾಠಕ್ಕೊಂದು ಹಾಡು ಆರಿಸುವವಳೂ ಅವಳೇ. ಆಮೇಲೆ ನನ್ನ ಉತ್ತರ, ಕಡೆಗೆ ಬಾಯಿಪಾಠಕ್ಕೊಂದು ವಚನ. ಭಾನುವಾರ ಸಂಜೆ ನಾಲ್ಕೂ ಜನ ಚಾಪೆ ಹಾಸಿಕೊಂಡು ಕೂತು ಅದನ್ನು ಓದುತ್ತೇವೆ.

ಬಣ್ಣಬಣ್ಣದ ಪಾಠಪುಸ್ತಕಗಳು ಅಚ್ಚಾಗಿ ಬರುತ್ತವೆ, ಸಂಡೇ ಸ್ಕೂಲ್ ಇದೆ, ಬೇಸಿಗೆ ರಜೆಯ ಸತ್ಯವೇದ ಶಾಲೆ ವಿ.ಬಿ.ಎಸ್. ಇದೆ, ಹೀಗಿರುವಾಗ ನೀನು ಕೂತು ಬರೆಯುವುದೇಕೆ ಎಂದು ನೆಂಟರು ಕೇಳುತ್ತಾರೆ. ಅವೆಲ್ಲ ಬೇಕು, ನನ್ನ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಆದರೆ ಮಕ್ಕಳಿಗೆ ಕಲಿಸುವ ವಿಷಯದಲ್ಲಿ ಸತ್ಯವೇದವೇ ಒಂದು ಕ್ರಮ ಇಟ್ಟಿದೆ. ಆ ಕ್ರಮವನ್ನು ಮನೆಯ ಹೊರಗೆ ನಡೆಸುವುದು ಕಷ್ಟ ಎಂಬುದು ನನ್ನ ನಂಬಿಕೆ.

ವಿಮೋಚನಕಾಂಡದ 12ನೆಯ ಅಧ್ಯಾಯ ನೋಡಿ. ಇಸ್ರಾಯೇಲ್ಯರು ಐಗುಪ್ತ ಬಿಡುವ ರಾತ್ರಿ, ಮೊದಲ ಪಸ್ಕ. ಕುರಿಮರಿ ಕೊಯ್ಯಬೇಕು, ರಕ್ತವನ್ನು ಬಾಗಿಲ ನಿಲುವುಗಳಿಗೆ ಹಚ್ಚಬೇಕು, ರೊಟ್ಟಿಯನ್ನು ಅವಸರದಲ್ಲಿ ತಿನ್ನಬೇಕು. ಅಷ್ಟು ಗಡಿಬಿಡಿಯ ನಡುವೆಯೂ ಮೋಶೆ ಒಂದು ಮಾತು ಹೇಳಿಡುತ್ತಾನೆ: ಮುಂದೆ ನಿಮ್ಮ ಮಕ್ಕಳು ಈ ಆಚರಣೆ ಏತಕ್ಕೆ ಎಂದು ಕೇಳಿದರೆ ಇಂಥ ಉತ್ತರ ಕೊಡಿರಿ ಎಂದು. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮಗ ಕೇಳುತ್ತಾನೆ, ಈ ಕಟ್ಟಳೆಗಳೆಲ್ಲ ಏನು ಎಂದು. ಯೆಹೋಶುವನ ಪುಸ್ತಕದಲ್ಲಿ ಯೊರ್ದನ್ ಹೊಳೆಯ ನಡುವಿನಿಂದ 12 ಕಲ್ಲು ಹೊತ್ತು ತಂದು ನಿಲ್ಲಿಸುವುದೇ ಮುಂದೊಂದು ದಿನ ಮಕ್ಕಳು ಈ ಕಲ್ಲು ಯಾಕೆ ಇಲ್ಲಿವೆ ಎಂದು ಕೇಳಲಿ ಎಂಬುದಕ್ಕೆ. ಮೂರೂ ಕಡೆ ಮೊದಲು ಬಾಯಿ ತೆರೆಯುವುದು ಮಗು. ದೊಡ್ಡವರ ಕೆಲಸ ಎರಡು: ಮಗುವಿಗೆ ಪ್ರಶ್ನೆ ಹುಟ್ಟುವಂತೆ ಬದುಕುವುದು, ಹುಟ್ಟಿದಾಗ ಉತ್ತರಿಸಲು ಮನೆಯಲ್ಲಿರುವುದು.

ಉತ್ತರ ಹೇಗಿರಬೇಕು ಎಂಬುದೂ ಅಲ್ಲೇ ಇದೆ. ಧರ್ಮೋಪದೇಶಕಾಂಡದ ಆ ತಂದೆ ಕಟ್ಟಳೆಯಿಂದ ಶುರು ಮಾಡುವುದಿಲ್ಲ. ನಾವು ಫರೋಹನ ಗುಲಾಮರಾಗಿದ್ದೆವು ಎಂದು ಶುರು ಮಾಡುತ್ತಾನೆ. ಮಾತಾಡುವವನು ಐಗುಪ್ತವನ್ನು ಕಣ್ಣಿಂದ ನೋಡದವನೇ ಇರಬಹುದು, ಎಷ್ಟೋ ತಲೆಮಾರು ಈಚೆಯವನಿರಬಹುದು. ಆದರೂ ಆ ಕಥೆಯೊಳಗೆ ತನ್ನನ್ನು ನಿಲ್ಲಿಸಿಕೊಂಡು ಹೇಳಬೇಕು. ಅಚ್ಚಾದ ಪುಸ್ತಕ ಎಷ್ಟೇ ಒಳ್ಳೆಯದಿದ್ದರೂ ನನ್ನ ಮಕ್ಕಳೆದುರು "ನಾವು" ಎಂದು ಹೇಳಲಾರದು.

ನಮ್ಮ ಹಿರಿಯರು ಬೆಟಗೇರಿಯವರು. ಬಾಸೆಲ್ ಮಿಶನ್ನಿನ ಮೊದಲ ಮೂವರು ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದು ಸೇರಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಘಟ್ಟ ಹತ್ತಿ ಈ ಎರೆಭೂಮಿಗೆ ಬಂದರು. ಗದಗ-ಬೆಟಗೇರಿಯವರು ಇಂದಿಗೂ ಅವರ ಆಸ್ಪತ್ರೆಯನ್ನು ಜರ್ಮನ್ ದವಾಖಾನಿ ಎಂದೇ ಕರೆಯುತ್ತಾರೆ. ಅವರು ತಂದ ಕಲಿಕೆಯ ಕ್ರಮ ಪ್ರಶ್ನೋತ್ತರದ್ದು. ಅದರಲ್ಲಿ ಪ್ರಶ್ನೆ ಹಿರಿಯರದು, ಉತ್ತರ ಮಗುವಿನದು, ಎರಡೂ ಮೊದಲೇ ಅಚ್ಚಾದವು. ನಮ್ಮ ಆಯಿಗೆ ಆ ಪ್ರಶ್ನೋತ್ತರವೆಲ್ಲ ಕಂಠಪಾಠ ಇತ್ತು. ಕಡೆಗಾಲದಲ್ಲಿ ಮನೆಯವರ ಹೆಸರು ಮರೆತರೂ ಆ ಉತ್ತರಗಳನ್ನು ಮರೆಯಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ತಾನೇ ಕೇಳಿ ತಾನೇ ಹೇಳುತ್ತಿದ್ದಳು. ಅದನ್ನು ಕಂಡ ನಾನು ಬಾಯಿಪಾಠವನ್ನು ಎಂದೂ ಹಗುರವಾಗಿ ನೋಡುವವನಲ್ಲ. ಅದಕ್ಕೇ ನನ್ನ ಹಾಳೆಗಳಲ್ಲೂ ವಚನಕ್ಕೊಂದು ಜಾಗ ಇದೆ. ಆದರೆ ಮೋಶೆ ಹೇಳಿದ ಕ್ರಮಕ್ಕೂ ಈ ಪ್ರಶ್ನೋತ್ತರಕ್ಕೂ ನಡುವೆ ಒಂದು ತಿರುವು ಇದೆ. ಅಲ್ಲಿ ಮಗು ಕೇಳುತ್ತದೆ, ಇಲ್ಲಿ ಮಗುವನ್ನು ಕೇಳಲಾಗುತ್ತದೆ.

ಈ ತಿರುವು ಯಾರೋ ಕೆಟ್ಟ ಮನಸ್ಸಿನಿಂದ ತಂದದ್ದಲ್ಲ. 1528ರಲ್ಲಿ ಸ್ಯಾಕ್ಸನಿಯ ಹಳ್ಳಿಯ ಸಭೆಗಳನ್ನು ನೋಡಲು ಹೋದ ಮಾರ್ಟಿನ್ ಲೂಥರ್, ಜನರಿಗೆ ಕರ್ತನ ಪ್ರಾರ್ಥನೆಯೂ ಗೊತ್ತಿಲ್ಲದ್ದನ್ನು ಕಂಡು ನೊಂದು, ಮರುವರ್ಷ ಚಿಕ್ಕ ಪ್ರಶ್ನೋತ್ತರ ಬರೆದ. ಅದರ ಒಂದೊಂದು ಭಾಗದ ತಲೆಬರಹದಲ್ಲೂ ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸಬೇಕು ಎಂಬ ಅರ್ಥದ ಮಾತಿದೆ. ಮುನ್ನುಡಿ ಗುರುಗಳಿಗೆ ಬರೆದದ್ದಾದರೂ ಆ ತಲೆಬರಹಗಳು ತಂದೆಗೆ ಬರೆದವು. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಶುರು ಮಾಡಿದ ಸಂಡೇ ಸ್ಕೂಲ್ ಕೂಡ ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಅಕ್ಷರ ಕಲಿಸಲು ಹುಟ್ಟಿದ್ದು. ತಂದೆತಾಯಿಗಳ ಜಾಗ ತುಂಬಲಿಕ್ಕಲ್ಲ. ಜರ್ಮನಿಯ ಗಾಟ್‌ಲೋಬ್ ಬಾರ್ಟ್ 1832ರಲ್ಲಿ ಮಕ್ಕಳಿಗಾಗಿ ಸತ್ಯವೇದದ ಕಥೆಗಳ ಪುಸ್ತಕ ತಂದ: ಹಳೆಯ ಒಡಂಬಡಿಕೆಯ 52, ಹೊಸ ಒಡಂಬಡಿಕೆಯ 52. ವಾರಕ್ಕೊಂದರಂತೆ ಎರಡು ವರ್ಷದ ಲೆಕ್ಕ. ಅದು ಜಗತ್ತಿನ ಹಲವು ಹತ್ತು ಭಾಷೆಗಳಿಗೆ ಹೋಯಿತು. ಬಾರ್ಟನದು ದೊಡ್ಡ ಕೆಲಸ. ಆದರೆ ಜರ್ಮನಿಯಲ್ಲಿ ಕೂತು ಹಾಕಿದ ವಾರದ ಲೆಕ್ಕಕ್ಕೆ ಲಕ್ಷ್ಮೇಶ್ವರದ ಮಳೆ ನಕ್ಷತ್ರ ಗೊತ್ತಿರಲು ಹೇಗೆ ಸಾಧ್ಯ?

ನನ್ನ ಪಾಠಗಳು ಈ ಸೀಮೆಯ ಕ್ಯಾಲೆಂಡರ್ ನೋಡಿ ನಡೆಯುತ್ತವೆ. ಇಸ್ರಾಯೇಲ್ಯರ ಹಬ್ಬಗಳೂ ಹಾಗೇ ನಡೆದವಲ್ಲ: ಜವೆಗೋದಿಯ ಕೊಯ್ಲಿಗೆ ಪಸ್ಕ, ಗೋದಿಯ ಕೊಯ್ಲಿಗೆ ಪಂಚಾಶತ್ತಮ.

ಮುಂಗಾರಿನಲ್ಲಿ ಬಿತ್ತುವವನ ಸಾಮ್ಯ ಬರುತ್ತದೆ, ಮತ್ತಾಯನ 13ನೆಯ ಅಧ್ಯಾಯ. ರೋಹಿಣಿ, ಮಿರಗದ ಮಳೆಗೆ ನನ್ನ ಅಂಗಡಿಯೆದುರು ರೈತರು ಹೆಸರು, ಶೇಂಗಾ, ಗೋವಿನಜೋಳದ ಬೀಜಕ್ಕೆ ಸಾಲುಗಟ್ಟಿರುತ್ತಾರೆ. ಮಗ ಸಾಲೆ ಬಿಟ್ಟ ಮೇಲೆ ಬಂದು ಚೀಲಗಳ ಮೇಲೆ ಕೂತಿರುತ್ತಾನೆ. ಸಾಮ್ಯ ಓದಿದ ಸಂಜೆ ಅವನು ಕೇಳಿದ: "ಪಪ್ಪಾ, ಆ ಮನಷ್ಯಾಗ ಬಿತ್ತಾಕ ಬರ್ತಿದ್ದಿಲ್ಲೇನು? ದಾರಿ ಮ್ಯಾಲೆ ಯಾಕ ಬೀಜಾ ಒಗದಾ?"

ಬೀಜದ ರೊಕ್ಕ ಎಷ್ಟೆಂದು ಬಲ್ಲ ಮಗು ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮಲ್ಲಿ ಬಿತ್ತುವುದು ಕೂರಿಗೆಯಿಂದ. ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳ ಕೈ ಒಂದೇ ಅಳತೆಯಲ್ಲಿ ನಡೆಯುತ್ತದೆ. ಕಾಳು ನಳಿಗೆಯಲ್ಲಿ ಇಳಿದು ನೇರ ಸಾಲಿಗೆ, ಹಸಿಗೆ ಬೀಳುತ್ತದೆ. ಈಗ ಟ್ರ್ಯಾಕ್ಟರಿನ ಕೂರಿಗೆ ಬಂದರೂ ಕ್ರಮ ಅದೇ. ದಾರಿಗೆ, ಕಲ್ಲಿಗೆ, ಮುಳ್ಳಿಗೆ ಬೀಳುವ ಮಾತೇ ಇಲ್ಲ. ಯೇಸುಸ್ವಾಮಿಯ ಕಾಲದ ಗಲಿಲಾಯದಲ್ಲಿ ಬೀಜವನ್ನು ಕೈಯಿಂದ ಎರಚುತ್ತಿದ್ದರು ಎಂಬ ಒಂದು ಸಂಗತಿ ಹೇಳದೆ ಈ ಸಾಮ್ಯ ನಮ್ಮ ಸೀಮೆಯ ಮಗುವಿಗೆ ಹತ್ತುವುದಿಲ್ಲ. ಅದನ್ನು ಹೇಳಿದಾಗ ಮಗಳು ಅಂದಳು: "ಹಂಗಂದ್ರ ಚರಗಾ ಚೆಲ್ಲಿದಂಗ ಬಿತ್ತತಿದ್ರು ಅನ್ನು." ಎಳ್ಳ ಅಮಾವಾಸ್ಯೆಗೆ ನೆರೆಯವರು ತಮ್ಮ ಹೊಲಕ್ಕೆ ನಮ್ಮನ್ನೂ ಊಟಕ್ಕೆ ಕರೆಯುತ್ತಾರೆ. ಮನೆಯ ಹಿರಿಯರು ಹೊಲದ ಸುತ್ತ ನಡೆಯುತ್ತ ಚರಗ ಚೆಲ್ಲುವುದನ್ನು ಅವಳು ನೋಡಿದ್ದಾಳೆ. ಯಾವ ಮೂಲೆಗೂ ಹೆಚ್ಚಿಲ್ಲ, ಯಾವ ಮೂಲೆಗೂ ಕಡಿಮೆಯಿಲ್ಲ ಎಂಬಂತೆ ಕೈ ಬೀಸುತ್ತಾರೆ. ಬಿತ್ತುವವನು ದಾರಿಯನ್ನೂ ಕಲ್ಲುನೆಲವನ್ನೂ ಬಿಡದೆ ಯಾಕೆ ಎರಚಿದ ಎಂಬ ತಮ್ಮನ ಪ್ರಶ್ನೆಗೆ ಅಕ್ಕ ಕೊಟ್ಟ ಈ ಉತ್ತರ ನನ್ನ ಬಳಿ ಇರಲಿಲ್ಲ. ಅದನ್ನು ಹಾಗೇ ಹಾಳೆಗೆ ಬರೆದುಕೊಂಡೆ. ಹೊಲದ ಒಡೆಯನೊಬ್ಬ ಒಳ್ಳೆ ನೆಲ ಯಾವುದು, ಕೆಟ್ಟದ್ದು ಯಾವುದು ಎಂದು ಮೊದಲೇ ತೀರ್ಮಾನ ಮಾಡದೆ ಎಲ್ಲಕ್ಕೂ ಕೊಡುತ್ತಾನೆ: ಆ ವಾರದ ಪಾಠ ಇಷ್ಟೇ. ಆಮೇಲೆ ಒಂದು ಜೋಳದ ತೆನೆ ತಂದು ಬಿಡಿಸಿ ಕಾಳು ಎಣಿಸಿದೆವು. ನೂರರಷ್ಟು ಫಲ ಎಂದು ಯೇಸುಸ್ವಾಮಿ ಹೇಳಿದ್ದು ಗೋದಿ-ಜವೆಗೋದಿಯ ನಾಡಿನಲ್ಲಿ. ಜೋಳದ ತೆನೆ ಅದನ್ನು ಎಷ್ಟೋ ಮೀರಿಸುತ್ತದೆ.

ಚಳಿಗಾಲದ ಪಾಠಕ್ಕೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೇ ಹೋಗುತ್ತೇವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನವೆಂಬರಿನ ಹೊತ್ತಿಗೆ ಅಲ್ಲಿ ಇಳಿಯುತ್ತವೆ, ಬೇಸಿಗೆ ಕಾಲಿಡುವ ಮುಂಚೆ ತಿರುಗಿ ಹೋಗುತ್ತವೆ. 2024ರಲ್ಲಿ ಈ ಕೆರೆ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ತಮ್ಮ ಕಾಲವನ್ನು ಬಲ್ಲವು ಎಂದು ಯೆರೆಮೀಯನ 8ನೆಯ ಅಧ್ಯಾಯದಲ್ಲಿದೆ. ಅದಕ್ಕಿಂತ ಹೆಚ್ಚು ಪರಿಚಿತವಾದದ್ದು ಮತ್ತಾಯನ 6ನೆಯ ಅಧ್ಯಾಯ: ಬಿತ್ತದ, ಕೊಯ್ಯದ ಹಕ್ಕಿಗಳಿಗೂ ಪರಲೋಕದ ತಂದೆ ಉಣಿಸುತ್ತಾನೆ ಎಂಬ ಮಾತು. ಏರಿಯ ಮೇಲೆ ಕೂತು ಅದನ್ನು ಓದಿದಾಗ ಮಗನಿಂದ ಬಂದದ್ದು ಇದು: "ಹಾಕೂದು ದೇವರೊ, ಕಡ್ಲಿ ಬಿತ್ತಿದ ರೈತನೊ?"

ಆ ಹೆಬ್ಬಾತುಗಳು ಹಗಲು ಕೆರೆಯಲ್ಲಿದ್ದು ರಾತ್ರಿ ಸುತ್ತಲಿನ ಹೊಲಗಳಿಗೆ ಹೋಗಿ ಮೇಯುತ್ತವೆ. ಕಡಲೆ, ಶೇಂಗಾ ಅವಕ್ಕೆ ಇಷ್ಟ. ಆ ಹೊಲದವರು ನನ್ನ ಗಿರಾಕಿಗಳು. ಅವರ ಮಾತುಗಳನ್ನು ಮಗ ಅಂಗಡಿಯಲ್ಲಿ ಕೇಳಿಸಿಕೊಂಡಿದ್ದಾನೆ. ಆ ವಾರ ನಾನು ಉತ್ತರ ಬರೆಯಲಿಲ್ಲ. ಪ್ರಶ್ನೆಯನ್ನಷ್ಟೇ ಬರೆದು ಹಾಳೆಯನ್ನು ಗೋಡೆಗೆ ತೂಗುಹಾಕಿದೆ. ಉತ್ತರ ಸಿಕ್ಕಿದ್ದು ಸುಗ್ಗಿಯಲ್ಲಿ, ರೂತಳ ಪುಸ್ತಕ ಓದುವಾಗ.

ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಇದನ್ನು ನಮ್ಮ ಮಕ್ಕಳಿಗೆ ಚಿತ್ರ ಬರೆದು ತೋರಿಸಬೇಕಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ, ಹತ್ತಿ ಬಿಡಿಸಿದ ಹೊಲದಲ್ಲಿ, ಉಳಿದದ್ದನ್ನು ಆಯುವ ಹೆಣ್ಣುಮಕ್ಕಳನ್ನು ಅವರು ವರ್ಷಾ ವರ್ಷ ನೋಡುತ್ತಾರೆ. ಪರದೇಶದ ವಿಧವೆಯೊಬ್ಬಳು ಹೀಗೆ ಬೇರೆಯವರ ಹೊಲಕ್ಕೆ ಇಳಿದದ್ದು ಯಾರದೋ ಕರುಣೆಯಿಂದಲ್ಲ, ಕಟ್ಟಳೆಯಿಂದ. ಯಾಜಕಕಾಂಡದ 19ನೆಯ ಅಧ್ಯಾಯ ಹೊಲದ ಮೂಲೆಗಳನ್ನು ಪೂರಾ ಕೊಯ್ಯಬೇಡಿ, ಹಕ್ಕಲನ್ನು ಆಯಬೇಡಿ, ಅದು ಬಡವರಿಗೂ ಪರದೇಶಸ್ಥರಿಗೂ ಸೇರಿದ್ದು ಎನ್ನುತ್ತದೆ. ದೇವರು ಉಣಿಸುತ್ತಾನೆ, ಆದರೆ ಯಾರದೋ ಹೊಲದ ಮೂಲಕ ಉಣಿಸುತ್ತಾನೆ. ಆ ಹೊಲದವನಿಗೆ ಅದು ಭಾರವೇ, ಅವನ ಭಾರ ಹೊರಲು ಉಳಿದವರು ಹೆಗಲು ಕೊಡಬೇಕು. ಮಾಗಡಿಯ ರೈತನ ಕಡಲೆಯ ಲೆಕ್ಕ ದೇವರ ಉಣಿಸುವಿಕೆಯ ಹೊರಗಿನದಲ್ಲ. ಗೋಡೆಯ ಹಾಳೆಯಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಇದನ್ನು ಬರೆದೆ. ಮಗ ಓದಿ ಒಪ್ಪಿದ. ಆದರೆ ಮತ್ತಾಯನ 13ನೆಯ ಅಧ್ಯಾಯದಲ್ಲಿ ದಾರಿಯ ಬೀಜ ತಿಂದ ಹಕ್ಕಿ ಸೈತಾನ, 6ನೆಯದರಲ್ಲಿ ಹಕ್ಕಿ ದೇವರ ಅತಿಥಿ, ಇದು ಹೇಗೆ ಎಂದು ಕೂಡಲೇ ಇನ್ನೊಂದು ತೆಗೆದ. ಆ ಹಾಳೆ ಈಗ ಗೋಡೆಯ ಮೇಲಿದೆ.

ಭಾಷೆಯ ಮಾತು ಒಂದಿಷ್ಟು ಹೇಳಬೇಕು. ಕನ್ನಡಕ್ಕೆ ಸತ್ಯವೇದ ಬಂದ ದಾರಿ ಬಳ್ಳಾರಿಯದು. 1810ರಿಂದ ಅಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ದುಡಿದ ಅನುವಾದ 1831ರ ಹೊತ್ತಿಗೆ ಪೂರ್ತಿಯಾಗಿ ಹೊರಬಂತು. ಮುಂದೆ ಹಲವರು ತಿದ್ದಿದರು. ನಾವು ಓದುವ ಸತ್ಯವೇದದ ಕನ್ನಡಕ್ಕೆ ತನ್ನದೇ ಗಾಂಭೀರ್ಯವಿದೆ, ಅದನ್ನು ಮಕ್ಕಳು ಹಾಗೇ ಓದಬೇಕು ಎಂದೇ ನನ್ನ ಆಸೆ. ನನ್ನ ಉತ್ತರಗಳನ್ನು ಮಾತ್ರ ಮನೆಯ ಮಾತಿನಲ್ಲಿ ಬರೆಯುತ್ತೇನೆ. ಇದರಲ್ಲಿ ಹೊಸತೇನಿಲ್ಲ. ನಿಘಂಟಿನ ಕಿಟೆಲ್ ಅವರೇ 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು "ಕಥಾಮಾಲೆ" ಎಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿಗೆ ತಂದರು. ನನ್ನ ಊರಿನ ಹಳೆಯ ಹೆಸರು ಪುಲಿಗೆರೆ. ತನ್ನ ಕಾವ್ಯ ಈ ಪುಲಿಗೆರೆಯ ಕನ್ನಡದ ತಿರುಳಿನಲ್ಲಿದೆ ಎಂದು ಪಂಪ ಸಾವಿರ ವರ್ಷಗಳ ಹಿಂದೆ ಅಭಿಮಾನದಿಂದ ಹೇಳಿಕೊಂಡ. ಅಂಥ ಊರಲ್ಲಿದ್ದುಕೊಂಡು ಮಕ್ಕಳಿಗೆ ದೇವರ ಮಾತನ್ನು ಪರವೂರ ನಾಲಿಗೆಯಲ್ಲಿ ಹೇಳಲು ನನಗೆ ಮನಸ್ಸಿಲ್ಲ.

ಎಲ್ಲ ಪ್ರಶ್ನೆಗಳೂ ಹೊಲದಿಂದ ಬರುವುದಿಲ್ಲ. ಆದಿಕಾಂಡದ 22ನೆಯ ಅಧ್ಯಾಯ. ಅಬ್ರಹಾಮ ಮಗನನ್ನು ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ಯುವ ಕಥೆಯನ್ನು ಮಗಳು ತಾನೇ ಓದಿಕೊಂಡಿದ್ದಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ದೇವರು ಹೇಳಿದ್ರ ನೀವೂ ಹಂಗ ಮಾಡ್ತೀರೇನು ಪಪ್ಪಾ?"

"ಇಲ್ಲವ್ವಾ" ಅಂದೆ. ಅಂದು ರಾತ್ರಿಯ ಮಟ್ಟಿಗೆ ಪೂರ್ತಿ ಪಾಠ ಅಷ್ಟೇ. ಮಗು ಕೇಳಿದ್ದು ದೇವಶಾಸ್ತ್ರವನ್ನಲ್ಲ. ಈ ಮನೆಯಲ್ಲಿ ನಿದ್ದೆ ಮಾಡಬಹುದೋ ಇಲ್ಲವೋ ಎಂದು ಕೇಳಿದ್ದು. ಇಂಥ ಪ್ರಶ್ನೆಗೆ ಉತ್ತರಿಸುವ ಮುಂಚೆ ಪುಸ್ತಕ ತೆರೆಯುವ ತಂದೆ ಪುಸ್ತಕವನ್ನೂ ಕೆಡಿಸುತ್ತಾನೆ, ಮಗುವನ್ನೂ ಕೆಡಿಸುತ್ತಾನೆ. ಪುಸ್ತಕ ತೆರೆದದ್ದು ಆಮೇಲೆ, ಹಲವು ವಾರ ಕಳೆದ ಮೇಲೆ. ಆ ಕಥೆಯಲ್ಲಿ ಕೈ ತಡೆಯಲ್ಪಡುತ್ತದೆ. ಕಥೆ ಇರುವುದೇ ತಡೆದ ಕೈಯನ್ನು ತೋರಿಸಲು. ಮಕ್ಕಳನ್ನು ಬೆಂಕಿಗೆ ಕೊಡುವುದು ನನ್ನ ಆಜ್ಞೆಯಲ್ಲ, ಅದು ನನ್ನ ಮನಸ್ಸಿಗೂ ಬಂದದ್ದಲ್ಲ ಎಂಬ ಅರ್ಥದ ಮಾತನ್ನು ದೇವರು ಯೆರೆಮೀಯನ 7ನೆಯ ಅಧ್ಯಾಯದಲ್ಲಿ ನೇರವಾಗಿ ಆಡುತ್ತಾನೆ. ಎರಡನ್ನೂ ಒಟ್ಟಿಗೆ ಓದಿದೆವು. ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ 1843ರಲ್ಲಿ ಈ ಒಂದು ಅಧ್ಯಾಯದ ಮೇಲೆ ಇಡೀ ಪುಸ್ತಕವನ್ನೇ ಬರೆದ. ಅವನೂ ಅವನಂಥ ದೊಡ್ಡವರೂ ಅಬ್ರಹಾಮನ ಕಡೆ ನಿಂತು ಪ್ರಶ್ನೆ ಕೇಳುತ್ತಾರೆ. ಮಕ್ಕಳು ಇಸಾಕನ ಕಡೆ ನಿಂತು ಕೇಳುತ್ತಾರೆ. ಇಸಾಕನೂ ಕೇಳಿದ್ದನಲ್ಲ: ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿಮರಿ ಎಲ್ಲಿ ಎಂದು. ಮಗುವಿನ ಪ್ರಶ್ನೆ ಇಲ್ಲೂ ಕಥೆಯ ನಡುಮಧ್ಯದಲ್ಲೇ ಇದೆ. ಮಕ್ಕಳಿಗೆಂದು ಬರೆದ ಎಷ್ಟೋ ಪುಸ್ತಕಗಳು ಈ ಪ್ರಶ್ನೆಯ ಮೇಲೆ ನಿಲ್ಲದೆ ಟಗರು ಸಿಕ್ಕ ಸಂತೋಷಕ್ಕೆ ಹಾರುತ್ತವೆ. ಅದು ನನಗೆ ಸರಿ ಕಾಣುವುದಿಲ್ಲ.

ಇದಕ್ಕಿಂತ ಬಿಗಿಯಾದ ಪ್ರಶ್ನೆ ಊರಿನದು. ನಮ್ಮ ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ ಇದೆ. ಆದಯ್ಯ ಶರಣರು ಸೌರಾಷ್ಟ್ರದಿಂದ ಸೋಮನಾಥನನ್ನು ಇಲ್ಲಿಗೆ ತಂದರೆಂದು ನಂಬುವ ಜನ ನಮ್ಮ ನೆರೆಹೊರೆ. ಶಂಖ ಬಸದಿ ಇದೆ. ಆದಿಲಶಾಹಿ ಕಾಲದಲ್ಲಿ, 1617ರಲ್ಲಿ ಅಂಕುಶಖಾನ ಕಟ್ಟಿಸಿದ ಜುಮ್ಮಾ ಮಸೀದಿ ಇದೆ, ದೂದನಾನಾ ದರ್ಗಾ ಇದೆ. ಹತ್ತಿರದ ಶಿರಹಟ್ಟಿಯಲ್ಲಿ ಎರಡೂ ಸಮಾಜದವರು ನಡೆದುಕೊಳ್ಳುವ ಫಕೀರೇಶ್ವರ ಮಠ ಇದೆ. ನನ್ನ ಮಗಳ ಗೆಳತಿಯರು ಈ ಎಲ್ಲ ಕಡೆಯವರು. ಪ್ರವಾದಿ ಎಲೀಯನು ಕರ್ಮೆಲ್ ಬೆಟ್ಟದಲ್ಲಿ ಬಾಳನೆಂಬ ದೇವತೆಯ 450 ಪ್ರವಾದಿಗಳೊಡನೆ ಯಾರ ದೇವರು ಬೆಂಕಿ ಇಳಿಸುವನೆಂದು ಪಂತ ಹೂಡಿ, ಗೆದ್ದು, ಅವರನ್ನು ಹಳ್ಳದ ದಂಡೆಗೆ ಎಳೆದೊಯ್ದು ಕೊಂದ ಕಥೆ 1 ಅರಸುಗಳು 18ರಲ್ಲಿದೆ. ಮಕ್ಕಳ ಪುಸ್ತಕಗಳಲ್ಲಿ ಬೆಂಕಿ ಇಳಿಯುವ ಚಿತ್ರ ದೊಡ್ಡದಾಗಿರುತ್ತದೆ, ಕೊಂದ ಮಾತು ಇರುವುದಿಲ್ಲ. ಮಗಳು ಸತ್ಯವೇದದಲ್ಲೇ ಓದಿದ್ದರಿಂದ ಅವಳಿಗೆ ಗೊತ್ತಾಯಿತು. "ಗುಡಿಗೆ ಹೋಗೋ ನನ್ನ ಗೆಳತ್ಯಾರು ಬಾಳನ ಮಂದಿ ಏನು?" ಎಂದು ಕೇಳಿದಳು.

ಈ ಹಾಳೆ ಬರೆಯಲು ನಾನು ತೆಗೆದುಕೊಂಡಷ್ಟು ಹೊತ್ತು ಬೇರೆ ಯಾವುದಕ್ಕೂ ತೆಗೆದುಕೊಂಡಿಲ್ಲ. ಮೊದಲು ಮುಂದಿನ ಅಧ್ಯಾಯ ಓದಿಸಿದೆ. ಅಷ್ಟು ದೊಡ್ಡ ಗೆಲುವಿನ ಬೆನ್ನಲ್ಲೇ ಎಲೀಯ ಜೀವಭಯದಿಂದ ಓಡುತ್ತಾನೆ, ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ಆಮೇಲೆ ಬಿರುಗಾಳಿ, ಭೂಕಂಪ, ಬೆಂಕಿ ಒಂದರ ಹಿಂದೊಂದು ಬರುತ್ತವೆ. ದೇವರು ಅವು ಯಾವುದರಲ್ಲೂ ಇರುವುದಿಲ್ಲ. ಹಿಂದಿನ ಅಧ್ಯಾಯದಲ್ಲಿ ಬೆಂಕಿಯಲ್ಲಿ ಬಂದ ದೇವರು ಇಲ್ಲಿ ಬೆಂಕಿಯಲ್ಲಿಲ್ಲ. ಆನಂತರ ಲೂಕನ 9ನೆಯ ಅಧ್ಯಾಯ: ತಮ್ಮನ್ನು ಸೇರಿಸಿಕೊಳ್ಳದ ಸಮಾರ್ಯದ ಹಳ್ಳಿಯ ಮೇಲೆ ಆಕಾಶದಿಂದ ಬೆಂಕಿ ಇಳಿಸೋಣವೇ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ತಿರುಗಿ ಅವರನ್ನೇ ಗದರಿಸುತ್ತಾನೆ. ಅದರ ಮರು ಅಧ್ಯಾಯದಲ್ಲೇ ಗಾಯಾಳುವನ್ನು ಎತ್ತಿ ಕಾಪಾಡುವ ನೆರೆಯವನಾಗಿ ಸಮಾರ್ಯದವನೊಬ್ಬ ಬರುತ್ತಾನೆ. ಕಡೆಗೆ 2 ಅರಸುಗಳು 5. ಕುಷ್ಠ ವಾಸಿಯಾದ ಅರಾಮಿನ ಸೇನಾಪತಿ ನಾಮಾನ ಇಸ್ರಾಯೇಲಿನ ದೇವರನ್ನು ನಂಬಿದ ಮೇಲೂ, ನನ್ನ ಒಡೆಯ ತನ್ನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದಿರುತ್ತಾನೆ, ನಾನೂ ಬಾಗಬೇಕಾಗುತ್ತದೆ, ಅದಕ್ಕೆ ಕ್ಷಮೆಯಿರಲಿ ಎಂದು ಬೇಡುತ್ತಾನೆ. ಪ್ರವಾದಿ ಎಲೀಷ ಅವನನ್ನು ಸಮಾಧಾನದಿಂದ ಕಳಿಸಿಕೊಡುತ್ತಾನೆ.

ಮಗಳಿಗೆ ನಾನು ಬರೆದ ಉತ್ತರ ಇದು: ನಾವು ಯೇಸುಸ್ವಾಮಿಯನ್ನು ಹಿಡಿದವರು, ಅದನ್ನು ಬಿಡುವವರಲ್ಲ. ನಿನ್ನ ಗೆಳತಿಯರು ದೇವರ ಸ್ವರೂಪದಲ್ಲೇ ಹುಟ್ಟಿದವರು. ಆ ಮಾತು ಸತ್ಯವೇದದ ಮೊದಲನೆಯ ಅಧ್ಯಾಯದಲ್ಲಿದೆ, ಅಬ್ರಹಾಮನನ್ನು ಕರೆದ ಮಾತು ಬರುವುದು 12ನೆಯದರಲ್ಲಿ. ಅವರ ತೀರ್ಪು ಮಾಡುವ ಕೆಲಸವನ್ನು ನಮಗೆ ಯಾರೂ ವಹಿಸಿಲ್ಲ. ಸೋಮೇಶ್ವರ ಗುಡಿಯ ಆವರಣದಲ್ಲಿ, ಬಸದಿಯಲ್ಲಿ ಇರುವ ಶಾಸನಗಳನ್ನು ನೋಡಲು ಹೋಗುವಾಗ ಇದೇ ಮನಸ್ಸಿಟ್ಟುಕೊಂಡು ಹೋಗು. ಯಾರು ಯಾರಿಗೆ ಹೊಲ ದಾನ ಕೊಟ್ಟರು ಎಂದು ಆ ಕಲ್ಲುಗಳು ಹೇಳುತ್ತವೆ. ಈ ಕಲ್ಲು ಯಾಕೆ ಇಲ್ಲಿವೆ ಎಂದು ನಿನ್ನ ಗೆಳತಿಯರೂ ತಮ್ಮ ತಂದೆತಾಯಿಗಳನ್ನು ಕೇಳುತ್ತಾರೆ, ಅವರಿಗೂ ಮನೆಯಲ್ಲೊಂದು ಉತ್ತರ ಇರುತ್ತದೆ.

ಮಕ್ಕಳಿಗೆ ಧರ್ಮ ಕಲಿಸುವುದೇ ತಪ್ಪು ಎನ್ನುವ ಗೆಳೆಯರೊಬ್ಬರಿದ್ದಾರೆ, ಹೈಸ್ಕೂಲ್ ಮಾಸ್ತರು, ಓದಿಕೊಂಡವರು. "ದೊಡ್ಡಾವ್ರಾದ ಮ್ಯಾಲೆ ಅವರ ಆರಿಸ್ಕೊಳ್ಳಲಿ ಬಿಡ್ರಿ" ಎನ್ನುತ್ತಾರೆ. ಅವರ ಅಂಜಿಕೆಯನ್ನು ನಾನು ಗೌರವಿಸುತ್ತೇನೆ. ಏನೂ ತಿಳಿಯದ ವಯಸ್ಸಿನಲ್ಲಿ ತುಂಬಿದ್ದು ದ್ವೇಷವಾಗಿ ಹೊರಬರುವುದನ್ನು ನಾವಿಬ್ಬರೂ ನೋಡಿದ್ದೇವೆ. ಆದರೆ ಪ್ರಶ್ನೆ ಕೇಳಲು ಮಗು ದೊಡ್ಡದಾಗುವ ತನಕ ಕಾಯುವುದಿಲ್ಲ. ಆಯಿ ಸತ್ತು ಎಲ್ಲಿ ಹೋದಳು ಎಂದು ಕೇಳಿದಾಗ ನನ್ನ ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಆಗ ನಾನು ಬಾಯಿ ಮುಚ್ಚಿಕೊಂಡರೆ ಅದೂ ಒಂದು ಉತ್ತರವೇ ಆಗುತ್ತಿತ್ತು: ಈ ಮನೆಯಲ್ಲಿ ಇದಕ್ಕೆ ಉತ್ತರವಿಲ್ಲ ಎಂಬ ಉತ್ತರ. ತಪ್ಪು ಕಲಿಸುವುದರಲ್ಲಿಲ್ಲ, ಕೇಳುವ ಮುಂಚೆ ಉತ್ತರ ತುರುಕುವುದರಲ್ಲಿದೆ, ಕೇಳಿದ ಮೇಲೆ ಗದರಿಸುವುದರಲ್ಲಿದೆ. ಯೆಹೂದ್ಯರ ಮಿಷ್ನಾ ಪಸ್ಕದ ರಾತ್ರಿಗೆ ಒಂದು ನಿಯಮ ಇಟ್ಟಿದೆ: ಮಗನ ತಿಳುವಳಿಕೆ ಎಷ್ಟೋ ತಂದೆ ಕಲಿಸುವುದು ಅಷ್ಟು. ಅವರ ಹಗ್ಗಾದಾ ಗ್ರಂಥದಲ್ಲಿ ನಾಲ್ಕು ಬಗೆಯ ಮಕ್ಕಳು ಬರುತ್ತಾರೆ. ಅವರಲ್ಲೊಬ್ಬನಿಗೆ ಕೇಳಲೂ ಬಾರದು. ಅವನಿಗೆ ತಂದೆಯೇ ಮಾತು ತೆಗೆಯಬೇಕು. ನಾಲ್ವರಿಗೂ ಅದೇ ಚಾಪೆಯ ಮೇಲೆ ಜಾಗ ಇದೆ.

ನಮ್ಮಲ್ಲೂ ಪಸ್ಕದ ಪಾಠ ಅಡುಗೆಮನೆಯಲ್ಲೇ ನಡೆಯುತ್ತದೆ. ಹುಳಿಯಿಲ್ಲದ ರೊಟ್ಟಿ ಎಂದು ಓದಿದಾಗ "ನಮ್ಮನ್ಯಾಗ ದಿನಾ ಅದನ ಅಲಾ?" ಎಂದು ಮಗ ಕೇಳಿದ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಬಡಿದ ರೊಟ್ಟಿಗೆ ಹುಳಿ ಎಲ್ಲಿಯದು! ದೂರದ ಪ್ರಯಾಣಕ್ಕೆ ಕಟ್ಟಿಕೊಡುವ ಕಟಕ ರೊಟ್ಟಿಯನ್ನು ಅವನ ತಾಯಿ ತಂದು ಮುಂದಿಟ್ಟಳು. ಅವಸರದಲ್ಲಿ ಊರು ಬಿಡುವವರ ಬುತ್ತಿ ಹೇಗಿರುತ್ತದೆಂದು ಹೇಳಲು ನನ್ನ ಒಂದು ಪುಟಕ್ಕಿಂತ ಅದೇ ಸಾಕಾಯಿತು.

ಮನೆಯ ಪಾಠಕ್ಕೂ ಒಂದು ಅಪಾಯವಿದೆ: ತಂದೆಯ ಅಭಿಪ್ರಾಯವನ್ನೇ ಮಕ್ಕಳು ದೇವರ ವಾಕ್ಯವೆಂದು ತಿಳಿಯಬಹುದು. ಅದಕ್ಕಾಗಿ ಸತ್ಯವೇದದ ಮಾತನ್ನು ನೀಲಿ ಶಾಯಿಯಲ್ಲೂ ನನ್ನ ಮಾತನ್ನು ಕಪ್ಪು ಶಾಯಿಯಲ್ಲೂ ಬರೆಯುತ್ತೇನೆ. ಬರೆದದ್ದನ್ನು ಹೆಂಡತಿ ಓದಿ ಒಪ್ಪದಿದ್ದರೆ ಅವಳ ಮಾತೂ ಹಾಳೆಯಲ್ಲಿ ಬರುತ್ತದೆ. ಹಬ್ಬಕ್ಕೆ ಬೆಟಗೇರಿಗೆ ಹೋದಾಗ ಹಾಳೆಗಳ ಸುರುಳಿಯನ್ನು ಸಭಾಪಾಲಕರಿಗೆ ತೋರಿಸುತ್ತೇನೆ, ಅವರು ತಿದ್ದಿದ್ದನ್ನು ಮಕ್ಕಳೆದುರಿಗೇ ತಿದ್ದಿಕೊಳ್ಳುತ್ತೇನೆ. ಅಜ್ಜಿ ಲೋವಿ, ತಾಯಿ ಯೂನಿಕೆ ಇವರಲ್ಲಿದ್ದ ನಂಬಿಕೆಯೇ ನಿನ್ನಲ್ಲೂ ಇದೆ ಎಂದು ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದದ್ದು ಮನೆಯ ಕಲಿಕೆಯ ಬಗ್ಗೆ ಇರುವ ದೊಡ್ಡ ಸಾಕ್ಷಿ. ಹಾಗೆಂದು ತಿಮೊಥೆಗೆ ಪೌಲನ ಅವಶ್ಯಕತೆ ಇರಲಿಲ್ಲ ಎಂದಲ್ಲ. ಮನೆಯೂ ಬೇಕು, ಸಭೆಯೂ ಬೇಕು.

ಇದನ್ನು ಓದುವ ತಂದೆತಾಯಿಗಳು ಯಾವ ಧರ್ಮದವರಾದರೂ ಆಗಿರಲಿ, ಒಂದು ಬೇಡಿಕೆ. ಈ ವಾರ ನಿಮ್ಮ ಮಗು ದೇವರ ಬಗ್ಗೆ, ಸಾವಿನ ಬಗ್ಗೆ, ನೆರೆಮನೆಯವರ ಬಗ್ಗೆ ಏನಾದರೂ ಕೇಳಿದರೆ ಅದನ್ನು ಮಗುವಿನ ಮಾತಿನಲ್ಲೇ ಒಂದು ಹಾಳೆಯ ಮೇಲೆ ಬರೆದಿಡಿ. ನಿಮ್ಮ ಗ್ರಂಥವನ್ನು ನೀವೇ ತೆರೆದು ಓದಿ. ಉತ್ತರಕ್ಕೆ ಅವಸರ ಮಾಡಬೇಡಿ, ಬೇರೆಯವರಿಗೆ ದಾಟಿಸಲೂ ಬೇಡಿ.